ಅಪ್ಪನಿಗೆ ಹೃದಯದ ಮಾತ್ರೆ ಕೊಡುವ ವಿಧಾನ: ಮನೆಮಂದಿಗೊಂದು ಕೈಪಿಡಿ

ಬೇಕಾಗುವ ಸಾಮಗ್ರಿ: ಬಿಪಿ ಮಷೀನ್, ಸೆಕೆಂಡ್ ಮುಳ್ಳಿರುವ ಗಡಿಯಾರ, ನೋಟ್‌ಬುಕ್, ಒಬ್ಬ ಅಪ್ಪ. ಮೊದಲ ಮೂರು ಅಂಗಡಿಯಲ್ಲಿ ಸಿಗುತ್ತವೆ. ನಾಲ್ಕನೆಯದನ್ನು ಪೇಪರಿನ ಹಿಂದೆ ಹುಡುಕಿ.

1. ಕೂರಿಸುವುದು: ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು, ಒಂದಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆನಿಕೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಹೀಗೆ 5 ನಿಮಿಷ ಸುಮ್ಮನಿರಬೇಕು. ಆಸ್ತಿ ಭಾಗದ ಮಾತನ್ನು ಆಮೇಲೆ ಎತ್ತಬಹುದು.

2. ಪಟ್ಟಿ ಕಟ್ಟುವುದು: ಸ್ವೆಟರ್ ಮೇಲೆ ಕಟ್ಟಿದರೆ ಸ್ವೆಟರಿನ ಬಿಪಿ ತಿಳಿಯುತ್ತದೆ. ಬರಿ ತೋಳಿಗೇ ಕಟ್ಟಿ. ಮಷೀನ್ ಗುರ್ ಎನ್ನುತ್ತಿರುವಾಗಲೇ ಅಪ್ಪ "ಎಷ್ಟು ಬಂತೋ?" ಅನ್ನುತ್ತಾರೆ. ಮಾತಾಡಿದರೆ ಅಂಕಿ ಏರುತ್ತದೆ, ಸನ್ನೆಯಲ್ಲೇ ಸುಮ್ಮನಾಗಿಸಿ.

3. ನಾಡಿ ಎಣಿಸುವುದು: ಹೆಬ್ಬೆರಳಿಡಬೇಡಿ. ಅದಕ್ಕೂ ಬಡಿತವಿದೆ, ಅಪ್ಪನದೆಂದು ನಿಮ್ಮದನ್ನೇ ಎಣಿಸಿಬಿಡುತ್ತೀರಿ. ತೋರುಬೆರಳು, ನಡುಬೆರಳು ಸಾಕು. ಪೂರಾ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸುವ ಜಾಣತನ ಲಯ ತಪ್ಪಿದ ಹೃದಯದ ಮುಂದೆ ನಡೆಯದು. ಅಂಥ ಹೃದಯದ ಕೆಲವು ಬಡಿತ ಮಣಿಕಟ್ಟಿನವರೆಗೆ ಬರುವುದೇ ಇಲ್ಲ. ನರ್ಸ್ ಎದೆಗೇ ಸ್ಟೆತೊಸ್ಕೋಪ್ ಇಟ್ಟು ಎಣಿಸುವುದು ಅದಕ್ಕೇ. ನಲವತ್ತೆರಡಕ್ಕೆ ಬಂದಾಗ ಅಡುಗೆಮನೆಯಿಂದ "ಹಾಲಿನವನಿಗೆ ಎಷ್ಟು ಕೊಡಬೇಕು?" ಎಂದು ಕೇಳಿಸುತ್ತದೆ. ಮತ್ತೆ ಒಂದರಿಂದ ಶುರು ಮಾಡಿ.

4. ತೀರ್ಮಾನ: ಹೃದಯದ ಮಾತ್ರೆಗಳಾದ ಡಿಗಾಕ್ಸಿನ್, ಮೆಟೊಪ್ರೊಲಾಲ್ ಎರಡೂ ಬಡಿತವನ್ನು ನಿಧಾನ ಮಾಡುತ್ತವೆ, ಎರಡನೆಯದು ಬಿಪಿಯನ್ನೂ ಇಳಿಸುತ್ತದೆ. ನಾಡಿ 60ಕ್ಕಿಂತ ಕಡಿಮೆ, ಇಲ್ಲವೇ ಬಿಪಿಯ ಮೇಲಿನ ಅಂಕಿ 100ಕ್ಕಿಂತ ಕೆಳಗಿದ್ದರೆ ಮಾತ್ರೆ ತಡೆಹಿಡಿದು ಡಾಕ್ಟರಿಗೆ ಫೋನ್ ಮಾಡಿ. ನಿಮ್ಮ ಡಾಕ್ಟರು ಬೇರೆ ಗಡಿ ಹೇಳಿದ್ದರೆ ಅದೇ ಶಾಸನ. ತಲೆ ಸುತ್ತಿ ಬಿದ್ದರೆ ನೇರ 108. ಊಟ ಸೇರದಿರುವುದು, ವಾಕರಿಕೆ, ಕಂಡದ್ದೆಲ್ಲ ಹಳದಿಯಾಗುವುದು ಡಿಗಾಕ್ಸಿನ್ ಅತಿಯಾದ ಗುರುತಿರಬಹುದು. ಈ ಮದ್ದಿನ ಮೂಲವಾದ ಫಾಕ್ಸ್‌ಗ್ಲವ್ ಗಿಡದ ಬಗ್ಗೆ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲೇ ಹೀಗೆಂದು ಬರೆದಿದ್ದ. ಪಕ್ಕದ ಮನೆಯ ಕಷಾಯ ಈ ಗುರುತುಗಳಿಗೆ ಉತ್ತರವಲ್ಲ.

5. ಬರೆದಿಡುವುದು: ದಿನಾಂಕ, ಹೊತ್ತು, ನಾಡಿ, ಬಿಪಿ. "ಚೆನ್ನಾಗಿದೆ" ಎಂಬುದು ಅಂಕಿಯಲ್ಲ.

6. ರಜೆ: ಡಿಗಾಕ್ಸಿನ್‌ಗೆ ನಮ್ಮಲ್ಲಿ ಕೆಲವು ಡಾಕ್ಟರರು ವಾರಕ್ಕೆ 2 ದಿನ ಬಿಡುವು ಬರೆಯುತ್ತಾರೆ. ಬಿಡುವು ಮಾತ್ರೆಗೆ, ನಾಡಿ ನೋಡುವವರಿಗಲ್ಲ.

ಎಚ್ಚರಿಕೆ: ನಿನ್ನೆ ಬಿಟ್ಟದ್ದನ್ನು ಸೇರಿಸಿ ಇವತ್ತು ಎರಡು ಮಾತ್ರೆ ಕೊಡಬೇಡಿ. ಮಾತ್ರೆಯಲ್ಲಿ ಹಳೇ ಬಾಕಿ ತೀರಿಸುವ ಪದ್ಧತಿಯಿಲ್ಲ.