ಇದ್ದಿಲಪ್ಪನ ಹದಿನೈದು ನಿಮಿಷ

ಇದ್ದಿಲಪ್ಪ ಎಂಬ ಹೆಸರು ಯಾರ ಆಧಾರ್ ಕಾರ್ಡಿನಲ್ಲೂ ಇರಲಿಕ್ಕಿಲ್ಲ. ಆದರೂ ಹೊಸಪೇಟೆಯ ಯಾವ ಓಣಿಗೆ ಹೊಕ್ಕರೂ ಒಬ್ಬ ಸಿಗುತ್ತಾನೆ. ವಯಸ್ಸು ನಲವತ್ತರ ಆಚೀಚೆ. ಕೆಲಸ ಸಂಡೂರಿನ ಕಡೆ, ಅದಿರಿನ ಲಾರಿ ತೂಗುವ ವೇಬ್ರಿಡ್ಜಿನಲ್ಲೋ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೋ. ಮೀಸೆ ದಪ್ಪ, ಮಾತು ಅದಕ್ಕಿಂತ ದಪ್ಪ. ಭಾನುವಾರ ಬೆಳಿಗ್ಗೆ ಒಂದು ಪ್ಲೇಟ್ ಒಗ್ಗಾಣಿಯನ್ನು ನಾಲ್ಕು ಮಿರ್ಚಿಯೊಂದಿಗೆ ಮುಗಿಸಿ, ಬೆರಳಿನ ಎಣ್ಣೆಯನ್ನು ಪೇಪರಿಗೆ ಒರೆಸಿ, ‘ಮೂಗಿನ ಮ್ಯಾಲೆ ಭಾಳ ಎಣ್ಣೆ ಬರಾಕತ್ತೈತೆ’ ಎಂದು ಕನ್ನಡಿ ಮುಂದೆ ಚಿಂತೆಗೆ ಕೂರುತ್ತಾನೆ. ಆಮೇಲೆ ಕಪಾಟಿನಿಂದ ಕಪ್ಪು ಟ್ಯೂಬು ಹೊರಬರುತ್ತದೆ.

ಧೂಳಿನ ವಿಷಯದಲ್ಲಿ ಅವನ ದೂರು ಸುಳ್ಳಲ್ಲ ಬಿಡಿ. ಸಂಡೂರಿನ ಗುಡ್ಡದ ಹೆಮಟೈಟ್ ಅದಿರು ಕೆಂಪು, ಅದರ ಧೂಳೂ ಕೆಂಪು. ಲಾರಿ ಓಡಾಡುವ ದಾರಿಯ ಬೇವಿನ ಮರಗಳು ಹಸಿರು ಎಂದು ಗೊತ್ತಾಗುವುದು ಮೊದಲ ಮಳೆ ಬಿದ್ದ ಮರುದಿನ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಎಷ್ಟೋ ಜನರ ಜೊತೆ ಇವನೂ ಕೆಲಸ ಹೋಯಿತೆಂದು ತಲೆ ಮೇಲೆ ಕೈ ಹೊತ್ತಿದ್ದ. ‘ಆದ್ರ ಆವಾಗ ಮಖ ತೊಳದ ನೀರು ಎಷ್ಟು ತಿಳಿ ಇತ್ತು!’ ಎಂದು ಈಗ ಸ್ಮರಿಸುತ್ತಾನೆ. ಗಣಿಗಳು ಷರತ್ತಿನ ಮೇಲೆ ಮತ್ತೆ ಬಾಗಿಲು ತೆರೆದವು, ಇದ್ದಿಲಪ್ಪನ ಕರ್ಚೀಫು ಮತ್ತೆ ಕೆಂಪಾಯಿತು. ದಿನಾ ಮೂವತ್ತು ಕಿಲೋಮೀಟರ್ ಬೈಕಿನಲ್ಲಿ ಹೋಗಿ ಬರುವವನು. ಸಂಜೆ ಹೆಲ್ಮೆಟ್ ತೆಗೆದರೆ ಹಣೆ ಒಂದು ಬಣ್ಣ, ಗದ್ದ ಒಂದು ಬಣ್ಣ, ನಡುವೆ ಪಟ್ಟಿಯ ಗುರುತು.

ಈ ಧೂಳು ಸೋಪಿಗೆ ಹೋಗುತ್ತದೆ. ಅದು ಅವನಿಗೂ ಗೊತ್ತು. ನಮ್ಮ ಸರ್ಕಾರಿ ಗಂಧದ ಸೋಪು ನೂರು ವರ್ಷದಿಂದ ಮಾಡುತ್ತಿರುವ ಕೆಲಸವೇ ಅದು. ಆದರೆ ಸೋಪು ಹಚ್ಚಿದರೆ ಅದು ಬರೀ ಸ್ನಾನ. ಮೊಬೈಲಿನಲ್ಲಿ ಒಬ್ಬ ಹುಡುಗ ಮುಖಕ್ಕೆ ಕರಿ ಬಳಿದುಕೊಂಡು, ಒಣಗಿದ ಮೇಲೆ ಅದನ್ನು ಒಂದೇ ಹಾಳೆಯಾಗಿ ಕಿತ್ತು ತೆಗೆದಾಗ ಕೆಳಗಿನ ಕೆನ್ನೆ ಹೊಳೆದದ್ದನ್ನು ನೋಡಿದ ದಿನದಿಂದ ಇದ್ದಿಲಪ್ಪನಿಗೆ ಸ್ನಾನ ಸಾಲದಾಯಿತು. ಅವನಿಗೆ ಬೇಕಾದದ್ದು ‘ಡೀಪ್ ಕ್ಲೀನಿಂಗ್’. ‘ಬೆಳ್ಳಗಾಗಾಕಲ್ಲಪಾ, ಕ್ಲೀನ್ ಆಗಾಕ’ ಎಂದು ಕೇಳದವರಿಗೂ ಹೇಳುತ್ತಾನೆ. ಹೇಳಿ, ಮೊಬೈಲಿನ ಕ್ಯಾಮೆರಾ ತಿರುಗಿಸಿ ನೋಡಿಕೊಳ್ಳುತ್ತಾನೆ.

ಮೊದಲು ಅಗ್ಗದ ದಾರಿ ಹಿಡಿದಿದ್ದ. ಇಸ್ತ್ರಿ ಗಾಡಿಯವನಿಂದ ಒಂದು ಹಿಡಿ ಇದ್ದಿಲು ತಂದು, ಕಲ್ಲಿನಲ್ಲಿ ಕುಟ್ಟಿ, ಬಡಗಿ ಅಂಟಿನಲ್ಲಿ ಕಲಸುವುದು ಯೋಜನೆ. ಹಾಗೆ ಅಂಟಿನಲ್ಲಿ ಕಲಸಿ ಹಚ್ಚಿಕೊಂಡು, ಕೀಳಲಾಗದೆ ಅತ್ತವರ ವಿಡಿಯೋಗಳು ಲೋಕದಲ್ಲಿ ಧಾರಾಳವಾಗಿದ್ದವು. ಅದೃಷ್ಟಕ್ಕೆ ಹೈಸ್ಕೂಲಿನ ಮಗಳು ಅವನ್ನು ಮೊದಲೇ ನೋಡಿದ್ದಳು, ಅಂಟಿನ ಡಬ್ಬಿ ಬಚ್ಚಿಟ್ಟಳು. ಅವನು ಕಡಲೆಹಿಟ್ಟಿನಲ್ಲಿ ಕಲಸಿದ. ಒಲೆ ಇದ್ದಿಲು ಎಷ್ಟು ಕುಟ್ಟಿದರೂ ತರಿತರಿಯೇ. ಉಜ್ಜಿದ ಎರಡು ನಿಮಿಷಕ್ಕೆ ಕೆನ್ನೆ ಉರಿಯತೊಡಗಿ, ಮಜ್ಜಿಗೆಯ ತಂಬಿಗೆ ಹಿಡಿದು ಹಿತ್ತಲಿಗೆ ಓಡಿದ. ಅವನ ತಾಯಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ‘ಸಣ್ಣಾಂವ ಇದ್ದಾಗ ಇದ್ದಿಲಾಗ ಹಲ್ಲುಜ್ಜೋ ಅಂದ್ರ ಬಾಯಿ ಕರ್ರಗಾಕ್ಕೈತೆ ಅಂತ ಅಳತಿದ್ದ. ಈಗ ನೋಡ್ರವ್ವಾ, ತಾನಾ ಕುಟ್ಟಿ ಮಖಕ್ಕ ಮೆತ್ತಿಕೊಂಡಾನ.’

ಅಲ್ಲಿಂದ ಟ್ಯೂಬಿಗೆ ಬಡ್ತಿ. ಟ್ಯೂಬಿನ ಜೊತೆ ಜ್ಞಾನವೂ ಬಂತು. ಅವನು ಈಗ ಬರೀ ಇದ್ದಿಲು ಎನ್ನುವುದಿಲ್ಲ, ‘ಆಕ್ಟಿವೇಟೆಡ್’ ಎನ್ನುತ್ತಾನೆ. ತೆಂಗಿನ ಚಿಪ್ಪನ್ನು ಗಾಳಿಯಿಲ್ಲದೆ ಸುಟ್ಟು, ಆಮೇಲೆ ಭಯಂಕರ ಶಾಖದಲ್ಲಿ ಹಬೆ ಹಾಯಿಸಿದರೆ ಇದ್ದಿಲ ತುಂಬ ಸೂಕ್ಷ್ಮ ರಂಧ್ರಗಳಾಗುತ್ತವೆ. ಒಳ್ಳೆಯ ಪುಡಿ ಒಂದು ಗ್ರಾಂ ತೆಗೆದುಕೊಂಡು ಆ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ ಸಾವಿರ ಚದರ ಮೀಟರಿನಷ್ಟಾದೀತು. ಇಷ್ಟು ನಿಜ. ಇದ್ದಿಲಪ್ಪ ಲೆಕ್ಕ ಹಾಕಿದ: ಸಾವಿರ ಚದರ ಮೀಟರ್ ಅಂದರೆ 30×40ರ ಒಂಬತ್ತು ಸೈಟು, ಹತ್ತಿರ ಹತ್ತಿರ. ‘ತಿಳೀತೇನು? ನನ್ನ ಒಂದು ಗಲ್ಲದ ಮ್ಯಾಲೆ ಒಂಬತ್ತು ಸೈಟ್ ಅದಾವ!’ ಎಂದು ಹೆಂಡತಿಯ ಮುಂದೆ ಘೋಷಿಸಿದ. ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲಿರುವ ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, ‘ಅದರಾಗ ಒಂದು ನನ್ನ ಹೆಸರಿಗೆ ರಿಜಿಸ್ಟರ್ ಮಾಡಸ್ರೀ’ ಎಂದಳು.

ವಿಷ ಕುಡಿದವರಿಗೆ ಆಸ್ಪತ್ರೆಯಲ್ಲಿ ಇದೇ ಪುಡಿಯನ್ನು ನೀರಲ್ಲಿ ಕಲಸಿ ಕುಡಿಸುತ್ತಾರೆ ಎಂಬುದು ಅವನ ಬ್ರಹ್ಮಾಸ್ತ್ರ. ವಿಷ ಎಳೆಯುವ ವಸ್ತುವಿಗೆ ಸಂಡೂರಿನ ಧೂಳು ಯಾವ ಲೆಕ್ಕ? ಹೊಟ್ಟೆಯೊಳಗೆ ದ್ರವದಲ್ಲಿ ತೇಲುವ ಪುಡಿಯ ಕೆಲಸ ಬೇರೆ, ಗೋಂದಿನಲ್ಲಿ ಮುಳುಗಿ ಚರ್ಮದ ಮೇಲೆ ಒಣಗುವ ಪುಡಿಯ ಪಾಡು ಬೇರೆ. ಮುಖದ ಮೇಲೆ ಅದು ಮಾಡುವ ಉಪಕಾರಕ್ಕೆ ಗಟ್ಟಿ ಪುರಾವೆ ಅಷ್ಟಕ್ಕಷ್ಟೇ. ಇದನ್ನು ಯಾರಾದರೂ ಹೇಳಿದರೆ, ‘ನೀವು ಹಚ್ಚಿ ನೋಡ್ರಿ ಮೊದಲು’ ಎನ್ನುತ್ತಾನೆ. ಈ ಮಾತಿಗೆ ಉತ್ತರವಿಲ್ಲ. ಜೀವವಿಮೆಯವರೂ ನೆಟ್‌ವರ್ಕ್ ಮಾರ್ಕೆಟಿಂಗಿನವರೂ ನಮ್ಮನ್ನು ಸೋಲಿಸಿದ್ದು ಇಂಥ ಮಾತಿನಲ್ಲೇ.

ಇನ್ನು ಲೇಪನ. ಮಗಳ ಡ್ರಾಯಿಂಗ್ ಪೆಟ್ಟಿಗೆಯ ಚಪ್ಪಟೆ ಬ್ರಷ್ಷು ಯಾವತ್ತೋ ಅವನ ಪಾಲಾಗಿದೆ. ಕನ್ನಡಿಯನ್ನು ಕಿಟಕಿಗೆ ಆನಿಸಿ, ಹೆಗಲಿಗೆ ಹಳೆ ಟವೆಲ್ ಹೊದ್ದು, ಮೂಗಿನ ತುದಿಯಿಂದ ಶುರು. ಹುಬ್ಬಿಗೆ ಒಂದು ಬೆರಳು ಜಾಗ ಬಿಡಬೇಕು, ಕಣ್ಣಿಗೆ ಎರಡು ಬೆರಳು. ಮೀಸೆಯ ಸುತ್ತ ಮಾತ್ರ ಉಸಿರು ಬಿಗಿಹಿಡಿದ ಕೆಲಸ. ಒಮ್ಮೆ ಟಿವಿಯಲ್ಲಿ ವಿಕೆಟ್ ಬಿದ್ದ ಗದ್ದಲಕ್ಕೆ ಬ್ರಷ್ಷು ಸರಿದು ಎಡಮೀಸೆಯ ಕೊನೆಗೆ ತಾಗಿತ್ತು. ಕಿತ್ತಾಗ ಕೊನೆಯೂ ಜೊತೆಗೆ ಬಂತು. ಮರುದಿನ ಬಲಗಡೆಯನ್ನೂ ಕತ್ತರಿಸಿ ಸರಿಮಾಡಲು ಹೋಗಿ, ಮತ್ತೆ ಎಡಗಡೆ ಸರಿಮಾಡಿ, ವೇಬ್ರಿಡ್ಜಿನಲ್ಲಿ ಯಾರೂ ಗುರುತು ಹಿಡಿಯದಷ್ಟು ಸಣ್ಣ ಮೀಸೆಯೊಂದಿಗೆ ಆ ತಿಂಗಳು ಕಳೆಯಿತು.

ಹಚ್ಚಿಕೊಂಡು ಅಂಗಳಕ್ಕೆ ಬಂದರೆ ಓಣಿಯ ಹುಡುಗರು ಕಾದಿರುತ್ತಾರೆ. ‘ಮುಸ್ಯಾ! ಮುಸ್ಯಾ ಬಂತಲೇ!’ ಹಂಪಿ, ಆನೆಗೊಂದಿ, ಅಂಜನಾದ್ರಿಗಳನ್ನು ಸುತ್ತಿಕೊಂಡ ಈ ಸೀಮೆಯಲ್ಲಿ ಕರಿಮುಖದ ಮುಸುವ ಅಪರೂಪವೇನಲ್ಲ. ಕಿಷ್ಕಿಂಧೆಯೇ ಇದು ಅನ್ನುವವರು ನಾವು, ಆ ಮುಖಕ್ಕೆ ಕೈಮುಗಿಯುವವರೂ ನಾವೇ. ಹಾಗಾಗಿ ಇದ್ದಿಲಪ್ಪ ಸಿಟ್ಟಾಗುವುದಿಲ್ಲ. ಆಗಲೂ ಬಾರದು. ಸಿಟ್ಟಾದರೆ ಹಣೆ ಗಂಟಿಕ್ಕುತ್ತದೆ, ಗಂಟಿಕ್ಕಿದರೆ ಲೇಪ ಬಿರುಕು ಬಿಡುತ್ತದೆ.

ಏಪ್ರಿಲಿನಲ್ಲಿ ಈ ಸಾಧನೆ ತಪಸ್ಸಿನ ಮಟ್ಟಕ್ಕೇರುತ್ತದೆ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಕೆಮ್ಮಣ್ಣುಗುಂಡಿಯ ಅದಿರಿಗೆ ಹಾಕಿದ್ದು ಮಲೆನಾಡಿನ ಕಟ್ಟಿಗೆಯ ಇದ್ದಿಲನ್ನು. ಕೆಂಪು ಅದಿರಿಗೆ ಇದ್ದಿಲು ಸೇರಿ ಶಾಖ ತಗುಲಿದರೆ ಅದಿರಿನ ಆಮ್ಲಜನಕ ಬಿಟ್ಟುಹೋಗಿ ಕಬ್ಬಿಣ ಉಳಿಯುತ್ತದೆ. ಇದ್ದಿಲಪ್ಪನ ಮುಖದಲ್ಲಿ ಅದಿರಿದೆ, ಇದ್ದಿಲಿದೆ, ಹೊಸಪೇಟೆಯ ನಲವತ್ತು ಡಿಗ್ರಿ ಶಾಖವೂ ಇದೆ. ಇಷ್ಟಾದರೂ ಇಳಿಯುವುದು ಬೆವರು ಮಾತ್ರ. ಆ ಬೆವರಿಗೆ ಲೇಪ ಒಣಗುವುದೂ ಇಲ್ಲ, ಗದ್ದದ ಕಡೆಯಿಂದ ಮೆಲ್ಲಗೆ ಕೊರಳಿಗೆ ವಲಸೆ ಹೋಗುತ್ತದೆ. ಕರೆಂಟು ಹೋಗಿ ಫ್ಯಾನ್ ನಿಂತ ದಿನ ಬನಿಯನ್ನೂ ಸೇವೆಗೆ ಸೇರುತ್ತದೆ.

ಎದುರು ಮನೆಯಲ್ಲಿ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರಿದ್ದಾರೆ. ಇಂಥ ಓಣಿಯಲ್ಲಿ ಅವರೂ ಇರಲೇಬೇಕು. ಪೋರ್ಚುಗೀಸ್ ಪ್ರವಾಸಿ ಪಾಯೆಸ್ 1520ರ ಸುಮಾರಿಗೆ ಹಂಪಿಗೆ ಬಂದು ಬರೆದದ್ದನ್ನು ಅವರು ಗೇಟಿನಿಂದಲೇ ಒಪ್ಪಿಸುತ್ತಾರೆ: ಕೃಷ್ಣದೇವರಾಯ ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಪೂಸಿಕೊಂಡು, ಭಾರ ಎತ್ತಿ, ಕತ್ತಿವರಸೆ ಮಾಡಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವತನಕ ಬಿಡುತ್ತಿರಲಿಲ್ಲ; ಆಮೇಲೆ ಕುಸ್ತಿ, ಆಮೇಲೆ ಕುದುರೆ ಸವಾರಿ. ಮುಖದ ಮೇಲೆ ಸಿಡುಬಿನ ಕಲೆ ಇದ್ದದ್ದನ್ನೂ ಪಾಯೆಸ್ ಬರೆದಿಟ್ಟಿದ್ದಾನೆ. ‘ಕಲೆ ಇದ್ದ ಮಖ ಇಟಗೊಂಡಾ ಸಾಮ್ರಾಜ್ಯ ಆಳಿದನೋ ಮಾರಾಯ!’ ಎಂದು ಮೇಷ್ಟ್ರು ಮುಗಿಸುತ್ತಾರೆ. ಇದ್ದಿಲಪ್ಪನಿಗೆ ಇದಕ್ಕೆ ಜವಾಬು ಗೊತ್ತಿದೆ: ರಾಯ ವೇಬ್ರಿಡ್ಜಿನಲ್ಲಿ ಕೂತಿರಲಿಲ್ಲ. ಆದರೆ ಹೇಳುವ ಹಾಗಿಲ್ಲ. ಲೇಪ ಇನ್ನೂ ಹಸಿ.

ನಿಜವಾದ ಕಥೆ ಇರುವುದು ಈ ಮೌನದಲ್ಲೇ. ಉಳಿದ ವಾರವೆಲ್ಲ ಆ ಮನೆಯಲ್ಲಿ ಅವನೊಬ್ಬನದೇ ಮಾತು. ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೇ ಗೇಟು 2024ರ ಆಗಸ್ಟಿನಲ್ಲಿ ಚೈನು ಕಡಿದು ಕೊಚ್ಚಿಹೋದದ್ದು ಯಾಕೆ, ಲಾರಿ ಬಾಡಿಗೆ ಇಳಿದದ್ದು ಯಾಕೆ, ಹೆಂಡತಿಯ ಸಾರಿಗೆ ಹುಳಿ ಹೆಚ್ಚಾದದ್ದು ಯಾಕೆ, ಎಲ್ಲಕ್ಕೂ ಅವನ ಬಳಿ ವಿವರಣೆ ಇರುತ್ತದೆ. ಹೆಂಡತಿ ಒಂದು ವಾಕ್ಯ ಶುರು ಮಾಡಿದರೆ ಅದನ್ನು ಅವನೇ ಮುಗಿಸುತ್ತಾನೆ, ಬೇರೆ ಅರ್ಥ ಬರುವ ಹಾಗೆ. ಅಂಥವನು ಭಾನುವಾರ ಹದಿನೈದು ನಿಮಿಷ ತುಟಿ ಬಿಚ್ಚುವುದಿಲ್ಲ. ನಗುವುದಿಲ್ಲ, ಹುಬ್ಬೇರಿಸುವುದಿಲ್ಲ. ಮೂಗಿನಿಂದ ‘ಹ್ಞೂಂ’ ಎನ್ನಬಹುದು, ಅಷ್ಟೇ. ಆ ‘ಹ್ಞೂಂ’ನಲ್ಲಿ ಎರಡು ಬಗೆ. ಇಳಿದರೆ ಆಗಲಿ, ಏರಿದರೆ ಆಗುವುದಿಲ್ಲ. ಹೆಂಡತಿಗೆ ಇಳಿದದ್ದು ಮಾತ್ರ ಕೇಳಿಸುತ್ತದೆ.

ಆಕೆ ಕುರ್ಚಿ ಎಳೆದುಕೊಂಡು ಎದುರು ಕೂರುತ್ತಾಳೆ. ಕೈಯಲ್ಲಿ ಸೊಪ್ಪು ಸೋಸುವ ಕೆಲಸ, ಕಣ್ಣು ಗೋಡೆ ಗಡಿಯಾರದ ಮೇಲೆ. ‘ಅಡಗಿ ಮನಿಗೆ ಎಕ್ಸಾಸ್ಟ್ ಫ್ಯಾನ್ ಹೇಳೀನಿ, ನಾಳೆ ಬರ್ತಾರ.’ ಹ್ಞೂಂ. ‘ನಿಮ್ಮ ಅಕ್ಕನ ಮನಿ ಸೀಮಂತಕ್ಕ ಸೀರಿ ಸಾಕು, ಬಂಗಾರ ಬ್ಯಾಡ.’ ಹ್ಞೂಂ? ‘ಹಾಂ, ನೀವೂ ಹೌದಂದ್ರಲ್ಲ, ಚಲೋ ಆತು.’ ಕಂಪ್ಲಿಯಲ್ಲಿ ಭತ್ತ, ಬಾಳೆ ಬೆಳೆಯುವ ಅವಳ ತಮ್ಮನಿಗೆ ಪಂಪ್‌ಸೆಟ್ ರಿಪೇರಿಗೆ ಸಾಲ ಮಂಜೂರಾದದ್ದು ಇಂಥದೇ ಒಂದು ಭಾನುವಾರ. ತಮ್ಮ ಮೊದಮೊದಲು ಭಾವನ ಲೇಪ ನೋಡಿ ನಕ್ಕಿದ್ದ. ‘ನಾಟಿ ಟೈಮಿಗೆ ನಮ್ಮ ಗದ್ದಿಗೆ ಬರ್ರಿ ಭಾವ, ಪುಕ್ಸಟ್ಟೆ ಮೈತುಂಬ ಮೆತ್ತಿ ಕಳಸ್ತೀವಿ’ ಎಂದಿದ್ದ. ಈಗ ನಗುವುದಿಲ್ಲ. ಬಸ್ಸು ಹತ್ತುವ ಮೊದಲು ಅಕ್ಕನಿಗೆ ಫೋನು ಮಾಡಿ ಗಂಭೀರವಾಗಿ ಕೇಳುತ್ತಾನೆ: ‘ಹಚ್ಚಿಕೊಂಡಾರೇನು?’

ಕೀಳುವ ಹೊತ್ತು ಸಾರ್ವಜನಿಕ ಕಾರ್ಯಕ್ರಮ. ಗದ್ದದ ಅಂಚಿನಲ್ಲಿ ಉಗುರು ಹೊಗಿಸಿ, ಮೇಲಕ್ಕೆ ಎಳೆಯುತ್ತ, ಕಿವಿಯ ಬಳಿ ಕೂದಲಿನ ಸೀಮೆ ಬಂದಾಗ ‘ಸ್‌ಸ್‌ಸ್’ ಎಂದು ಕಣ್ಣಲ್ಲಿ ನೀರು ತಂದುಕೊಂಡು, ಕೊನೆಗೆ ಮೂಗಿನ ಭಾಗವನ್ನು ಕಿತ್ತು ಬೆಳಕಿಗೆ ಹಿಡಿಯುತ್ತಾನೆ. ‘ನೋಡ್ರಿ, ನೋಡ್ರಿ, ಎಷ್ಟು ಕೊಳೆ!’ ಬಂದ ನೆಂಟರೂ ನೋಡಬೇಕು. ಕರಿ ಹಾಳೆಯ ಮೇಲೆ ನಿಂತ ಸಣ್ಣ ಸಣ್ಣ ಮುಳ್ಳುಗಳು. ಅದರಲ್ಲಿ ಬಹುಪಾಲು ಕೊಳೆಯಲ್ಲ: ಚರ್ಮದ ನವಿರುಕೂದಲು, ಸತ್ತ ಪದರ, ರಂಧ್ರದಲ್ಲಿ ಸಹಜವಾಗಿ ಇರಬೇಕಾದ ಜಿಡ್ಡು. ಮೂಗಿನ ಮೇಲಿನ ಕರಿಚುಕ್ಕೆ ಕೂಡ ಸಂಡೂರಿನಿಂದ ಬಂದದ್ದಲ್ಲ. ನಮ್ಮದೇ ಜಿಡ್ಡು ಗಾಳಿಗೆ ತೆರೆದುಕೊಂಡು ಕಪ್ಪಾದದ್ದು. ಎಷ್ಟು ಕಿತ್ತರೂ ಕೆಲವು ವಾರಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಕಿತ್ತ ಜಾಗ ಕೆಂಪಾಗಿ ಹೊಳೆಯುತ್ತದಲ್ಲ, ಇದ್ದಿಲಪ್ಪ ಅದನ್ನು ಕಾಂತಿ ಎಂದು ಕರೆಯುತ್ತಾನೆ. ಮರುದಿನ ಬೆಳಿಗ್ಗೆ ಅದೇ ಹಸಿ ಕೆನ್ನೆಯನ್ನು ಬಿಸಿಲಿಗೂ ಧೂಳಿಗೂ ಒಡ್ಡಿ ಬೈಕು ಹತ್ತುತ್ತಾನೆ.

ಮಗಳಿಗೆ ಟ್ಯೂಬಿನ ಹಿಂದಿನ ಸಣ್ಣಕ್ಷರ ಓದುವ ಚಟ. ಒಂದು ಭಾನುವಾರ ಲೇಪ ಒಣಗುತ್ತಿದ್ದಾಗ ಗಟ್ಟಿಯಾಗಿ ಓದಿದಳು: ನೀರು, ಪಾಲಿವಿನೈಲ್ ಆಲ್ಕೋಹಾಲ್, ಸುಗಂಧ, ಅಷ್ಟು ಕೆಳಗೆ ಚಾರ್ಕೋಲ್, ಕೊನೆಯಲ್ಲಿ ಸಿಐ 77499. ‘ಅಪ್ಪಾ, ಇದು ಬ್ಲ್ಯಾಕ್ ಐರನ್ ಆಕ್ಸೈಡ್. ಕಪ್ಪು ಕಾಣಾಕ ಹಾಕ್ತಾರ. ಕಬ್ಬಿಣದ ಧೂಳು ತೆಗ್ಯಾಕ ಕಬ್ಬಿಣಾನ ಹಚ್ಚಿಕೊಂಡೀಯಲ್ಲ?’ ಮದುವೆ ಮನೆಯಲ್ಲಿ ಹೆಣ್ಣಿಗೆ ಬಳಿಯುವ ಫೌಂಡೇಶನ್ನಿಗೆ ಮೈಬಣ್ಣ ಕೊಡುವುದೂ ಇದೇ ಕುಟುಂಬದ ಕೆಂಪು, ಹಳದಿ ಆಕ್ಸೈಡುಗಳೇ ಎಂದು ಸೇರಿಸಿದಳು. ಹೆಮಟೈಟನ್ನು ಟನ್ನಿನ ಲೆಕ್ಕದಲ್ಲಿ ತೂಗಿ ಕಳಿಸುವ ಮನುಷ್ಯ ಅದು ಗ್ರಾಂ ಲೆಕ್ಕದಲ್ಲಿ ಸುತ್ತಿ ಬಳಸಿ ತನ್ನ ಮುಖಕ್ಕೇ ಬಂದ ಸುದ್ದಿ ಕೇಳಿ ತತ್ತರಿಸಿದ. ಹೇಳಲು ಬಹಳ ಇತ್ತು. ‘ಹ್ಞೂಂ’ ಎಂದ.

ಆ ಆಘಾತದಿಂದ ಒಂದು ವಾರ ಲೇಪ ನಿಂತಿತು. ಹೆಂಡತಿಗೆ ದಿಗಿಲು. ಮಗಳನ್ನು ಪಿಯುಸಿಗೆ ಧಾರವಾಡದ ಹಾಸ್ಟೆಲಿಗೆ ಕಳಿಸುವ ವಿಷಯ ಹಾಗೇ ಬಾಕಿ ಇತ್ತು. ಅದು ಫ್ಯಾನು, ಪಂಪ್‌ಸೆಟ್ಟಿನಂಥ ವಿಷಯವಲ್ಲ. ಫೀಸು, ಹಾಸ್ಟೆಲ್ಲು, ವಾರಕ್ಕೊಮ್ಮೆ ಊರಿಗೆ ಬರುವ ರೈಲು, ಎಲ್ಲ ಹೇಳಿ ಮುಗಿಸಬೇಕು. ಶನಿವಾರ ಸಂಜೆ ಆಕೆ ತಾನೇ ಮೇನ್ ಬಜಾರಿನ ಫ್ಯಾನ್ಸಿ ಸ್ಟೋರಿಗೆ ಹೋದಳು. ಅಂಗಡಿಯವನು ಚಾರ್ಕೋಲು, ಗೋಲ್ಡು, ಮುಲ್ತಾನಿ ಮಿಟ್ಟಿ, ಪಪಾಯ ಎಲ್ಲ ಕೌಂಟರಿನ ಮೇಲೆ ಸಾಲಾಗಿಟ್ಟು, ಯಾವ ಚರ್ಮಕ್ಕೆ ಬೇಕು, ಎಣ್ಣೆ ಚರ್ಮವೋ ಒಣ ಚರ್ಮವೋ ಎಂದು ಕೇಳಿದ.

‘ಚರ್ಮ ಯಾವುದಾರ ಇರ್ಲಿ. ಅರ್ಧ ತಾಸು ಒಣಗೂದು ಯಾವುದೈತ್ರಿ?’ ಎಂದಳು.