ಓದದವರ ಅಭಿಪ್ರಾಯಗಳು

ನಮ್ಮ ವಕೀಲ ಮಿತ್ರನನ್ನು ‘ಶರಪಂಜರ’ ಓದಿದ್ದೀಯೇನಯ್ಯಾ ಎಂದು ಕೇಳಿ ನೋಡಿ. ‘ಅಯ್ಯೋ, ಏನು ಕಾದಂಬರಿ ಅದು!’ ಎಂದು ಶುರುಮಾಡಿ, ಟೀ ಆರುವವರೆಗೂ ಕಲ್ಪನಾ ಅಭಿನಯವನ್ನು ಹೊಗಳುತ್ತಾನೆ. ತ್ರಿವೇಣಿಯ ಹೆಸರು ಬಾಯಿಗೆ ಬರುವುದೇ ಇಲ್ಲ. ಪುಟ್ಟಣ್ಣ 1971ರಲ್ಲಿ ಅದನ್ನು ಸಿನಿಮಾ ಮಾಡದೆ ಹೋಗಿದ್ದರೆ ಈ ಮಹಾಶಯ ನಮಗೆಲ್ಲ ಎಷ್ಟು ಹೊತ್ತು ಉಳಿಸುತ್ತಿದ್ದ! ಬ್ಯಾಂಕಿನಿಂದ ನಿವೃತ್ತನಾದ ಇನ್ನೊಬ್ಬನದು ಬೆನ್ನುಡಿ ವಿಮರ್ಶೆ. ಪುಸ್ತಕವನ್ನು ಬೋರಲು ಹಾಕಿ ಹಿಂದಿನ ರಟ್ಟು ಓದುತ್ತಾನೆ, ಬೆಲೆ ನೋಡುತ್ತಾನೆ, ‘ಪರವಾಗಿಲ್ಲ’ ಎಂದು ತೀರ್ಪು ಕೊಡುತ್ತಾನೆ. ಮೇಷ್ಟ್ರೊಬ್ಬರು ಮಾತ್ರ ನಿಜವಾಗಿ ಓದಿದವರು. ಅದಕ್ಕೇ ಅವರಿಗೆ ಮಾತು ಕಮ್ಮಿ.

ಇಂಥವರೆಲ್ಲ ಸೇರಿ ಯಳಂದೂರಿನಲ್ಲೊಂದು ಓದುಗರ ಬಳಗ ಮಾಡಬೇಕೆಂದು ಬಳೆಮಂಟಪದ ಹತ್ತಿರ ಟೀ ಕುಡಿಯುತ್ತ ತೀರ್ಮಾನವಾಯಿತು. ಪುಸ್ತಕಕ್ಕಿಂತ ಮುಂಚೆ ಹೆಸರು ಬೇಕಲ್ಲ! ಈ ಊರಿನ ಕಷ್ಟವೇ ಅದು, ಹೆಸರಿಗೇನೂ ಬರವಿಲ್ಲ. ಷಡಕ್ಷರದೇವನ ಹೆಸರಿಡೋಣ ಅಂದ ವಕೀಲ. ‘ರಾಜಶೇಖರ ವಿಲಾಸ’ದ ಒಂದು ಪದ್ಯ ಬಿಡಿಸಿ ಅರ್ಥ ಹೇಳು, ಇಡೋಣ ಅಂದರು ಮೇಷ್ಟ್ರು. ವಕೀಲ ಬೋಂಡದ ಕಡೆ ತಿರುಗಿದ. ಸಂಸರು ಇದೇ ತಾಲ್ಲೂಕಿನ ಅಗರದವರು, ಆದರೆ ಹೆಸರಾದದ್ದು ನಾಟಕಕ್ಕೆ. ಕಾದಂಬರಿ ಬಳಗಕ್ಕೆ ಹೊಂದೀತೇ ಎಂದು ಇನ್ನೊಂದು ಸುತ್ತು ಟೀ ಬಂತು. ಹಾಗಾದರೆ ಸಂಚಿ ಹೊನ್ನಮ್ಮ? ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯುತ್ತಲೇ ‘ಹದಿಬದೆಯ ಧರ್ಮ’ ಬರೆದ ನಮ್ಮೂರ ಹೆಣ್ಣುಮಗಳು. ಎಲ್ಲರೂ ತಲೆಯಾಡಿಸುತ್ತಿದ್ದಾಗ ಬಳಗದ ಟೀಚರಮ್ಮ ಕೇಳಿದರು: ‘ಹೆಂಡತಿ ಹೇಗಿರಬೇಕು ಅನ್ನೋ ಪುಸ್ತಕ ಅಂತ ತಾನೇ ನಿಮಗೆಲ್ಲ ಇಷ್ಟು ಖುಷಿ? ಹೆಣ್ಣು ಅಂತ ಹೀಗಳೆಯುವವರಿಗೆ ಆಕೆ ಛೀಮಾರಿ ಹಾಕಿದಾಳಲ್ಲ, ಆ ಭಾಗ ಯಾರಾದ್ರೂ ಓದಿದೀರಾ?’ ಕಾದಂಬರಿಯೇ ಬೇಕಾದರೆ ಪಕ್ಕದ ನಂಜನಗೂಡಿನ ತಿರುಮಲಾಂಬ ಇದ್ದಾರೆ, ವಿಧವೆಯಾಗಿದ್ದುಕೊಂಡು 1913ರ ಹೊತ್ತಿಗೇ ‘ಸತೀಹಿತೈಷಿಣಿ’ ಗ್ರಂಥಮಾಲೆ ಶುರುಮಾಡಿ ತಮ್ಮ ಕಾದಂಬರಿ ತಾವೇ ಅಚ್ಚು ಹಾಕಿಸಿದವರು ಎಂದೂ ಸೇರಿಸಿದರು. ಅಲ್ಲಿಗೆ ಹೆಸರಿನ ವಿಷಯ ಬಿದ್ದುಹೋಯಿತು. ಬಳಗಕ್ಕೆ ಇವತ್ತಿಗೂ ಹೆಸರಿಲ್ಲ.

ಪುಸ್ತಕ ಆರಿಸುವಾಗ ಇನ್ನೊಂದು ರಗಳೆ. ಭೈರಪ್ಪ ಅಂದರೆ ಇಬ್ಬರು ಎದ್ದು ನಿಲ್ಲುತ್ತಾರೆ, ಅನಂತಮೂರ್ತಿ ಅಂದರೆ ಇನ್ನಿಬ್ಬರು. ಪಂಚಾಯ್ತಿ ಎಲೆಕ್ಷನ್ನಿಗೂ ನಮ್ಮಲ್ಲಿ ಇಷ್ಟು ಕಾವೇರುವುದಿಲ್ಲ. ಹಿಂದೆ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಕಾದಂಬರಿ ಓದಿಸಿದರಂತೆ. ನಮ್ಮವರು ಲೈಬ್ರರಿಯವರೆಗೆ ನಡೆಯುವುದಕ್ಕೂ ಬೈಕ್ ಹುಡುಕುವ ಜನ. ಕೊನೆಗೆ ಮೇಷ್ಟ್ರು ತಮ್ಮ ಜೋಳಿಗೆಯಿಂದ ‘ಕುಸುಮಬಾಲೆ’ ತೆಗೆದರು. ತೆಳ್ಳಗಿತ್ತು ನೋಡಿ, ಅವಿರೋಧವಾಗಿ ಆಯ್ಕೆಯಾಯಿತು.

ತೆಳ್ಳಗಿದ್ದದ್ದೇ ಮೋಸ. ದೇವನೂರ ಮಹಾದೇವರು 1984ರಲ್ಲಿ ಬರೆದದ್ದು, 1990ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತು. ಅಂದರೆ ನಾವು ದಿನಾ ಸಂತೆಯಲ್ಲಿ ಕೇಳುವುದೇ. ಆದರೆ ಇಸ್ಕೂಲು ಕಲಿತ ಕಣ್ಣಿಗೆ ಅದು ಓಡುವುದಿಲ್ಲ. ವಕೀಲ ನಾಲ್ಕು ಪುಟಕ್ಕೆ ಸುಸ್ತಾದ. ಬ್ಯಾಂಕಿನವನು ‘ಪ್ರಯೋಗಶೀಲ’ ಎಂದುಬಿಟ್ಟ. ಅವನ ಬಾಯಲ್ಲಿ ಆ ಮಾತು ಬಂತೆಂದರೆ ಓದಿಲ್ಲ ಎಂದೇ ಲೆಕ್ಕ.

ಸಭೆ ಸೇರಿದ್ದು ಬ್ಯಾಂಕಿನವನ ಮನೆ ಜಗಲಿಯಲ್ಲಿ. ಅವನ ಅವ್ವ ಒಂದು ಮೂಲೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದರು. ಓದು ಬರಹ ಇಲ್ಲದವರು. ಇವರ ಕಾಟ ತಡೆಯಲಾರದೆ ಮೇಷ್ಟ್ರು ಗಟ್ಟಿಯಾಗಿ ಓದತೊಡಗಿದರು. ಊರು ಮಲಗಿದ ಮೇಲೆ ಮನೆಮನೆಯ ದೀಪಗಳು, ಜೋತಮ್ಮಗಳು, ಒಂದು ಕಡೆ ಸೇರಿ ತಂತಮ್ಮ ಮನೆ ಸುದ್ದಿ ಮಾತಾಡಿಕೊಳ್ಳುವ ಜಾಗ ಬಂತು. ಅವ್ವನ ಕೈ ನಿಂತಿತು. ಬಿಡಿಸಿದ ಕಾಳು ಸಿಪ್ಪೆಯ ಕಡೆಗೆ ಬಿತ್ತು. ಕಿಸಕ್ಕನೆ ನಕ್ಕು, ‘ಅದ್ಕೇ ಕನಾ, ದೀಪ ಊದಿ ಆರುಸ್ಬ್ಯಾಡ ಅನ್ತಿದ್ಲು ನಮ್ಮವ್ವ. ಎಲ್ಲಾನೂ ಕೇಳುಸ್ಕತದ ಅದು’ ಅಂದರು.

ವಕೀಲನಿಗೆ ಅವಕಾಶ ಸಿಕ್ಕಿತು. ‘ಅವ್ವಾ, ನಿಮಗೆ ಇದು ಕಾದಂಬರಿ ಅನ್ಸುತ್ತೋ, ಕಾವ್ಯ ಅನ್ಸುತ್ತೋ?’

‘ಯಾಕ ನಿಲ್ಲುಸ್ಬುಟ್ರಿ? ಮುಂದ್ಕ ಓದಿ ಮೇಷ್ಟ್ರೇ’ ಅಂದರು ಅವ್ವ. ವಕೀಲನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಕೇಳಿದ ಸಾಹಿತ್ಯ ಗೋಷ್ಠಿಗಳಲ್ಲಿ ಯಾವ ವಿದ್ವಾಂಸರೂ ಇಷ್ಟು ಸರಿಯಾದ ವಿಮರ್ಶೆ ಮಾಡಿದ್ದಿಲ್ಲ. ಆವತ್ತಿನಿಂದ ಪದ್ಧತಿಯೇ ಬದಲಾಗಿದೆ. ಒಬ್ಬರು ಗಟ್ಟಿಯಾಗಿ ಓದಬೇಕು, ಅವ್ವ ಕೇಳಬೇಕು, ಅಭಿಪ್ರಾಯವಿದ್ದವರು ಬಾಯಿ ಮುಚ್ಚಿಕೊಂಡು ಅವರೆಕಾಯಿ ಬಿಡಿಸಬೇಕು. ಅಭಿಪ್ರಾಯಗಳು ಎಷ್ಟಿದ್ದವೆಂದರೆ ಆ ಮನೆಯಲ್ಲಿ ಈಗ ಬಿಡಿಸದ ಅವರೆಕಾಯಿಯೇ ಸಿಗುವುದಿಲ್ಲ.

ಮುಂದಿನ ಪುಸ್ತಕ ‘ಮಲೆಗಳಲ್ಲಿ ಮದುಮಗಳು’. ಅದರ ಗಾತ್ರ ನೋಡಿಯೇ ಬ್ಯಾಂಕಿನವನಿಗೆ ಬೆನ್ನುನೋವು ಬಂದಿದೆ. ವಕೀಲ ಮಾತ್ರ ನಿಶ್ಚಿಂತ. ಮೈಸೂರಿನ ರಂಗಾಯಣದಲ್ಲಿ ಇಡೀ ರಾತ್ರಿಯ ನಾಟಕವಾಗಿ ಆಡಿದಾಗ ಹೋಗಿದ್ದನಂತೆ. ‘ಅರ್ಧ ರಾತ್ರಿವರೆಗೂ ನೋಡಿದ್ದೀನಿ. ಅಲ್ಲಿವರೆಗಿನ ಅಭಿಪ್ರಾಯ ಬೇಕಾದ್ರೆ ಈಗಲೇ ಹೇಳ್ತೀನಿ’ ಅಂದ.

ಅವ್ವ ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿ ಅವನ ತೊಡೆಯ ಮೇಲಿಟ್ಟರು. ‘ನಿದ್ದ ಬಂದದ್ದು ಎಲ್ಗಂಟ ಅಂತ ನೋಡ್ಕಂಡು, ಅಲ್ಲಿಂದ ನೀನೇ ಓದು.’