ಮಕ್ಕಳಿಲ್ಲವಲ್ಲ, ಸಲೀಸು ಅಂದ್ರಲ್ಲ

ಮೊನ್ನೆ ಮೇಲಿನ ಮನೆಯವರ ಮಾತು ಬಂದಾಗ ನೀವು, "ಮಕ್ಕಳಿಲ್ಲವಲ್ಲ, ಎರಡು ಸೈನು ಹಾಕಿದ್ರೆ ಡೈವೋರ್ಸು ಮುಗೀತು" ಅಂದ್ರಿ ನೋಡಿ, ಅದು ನನಗೆ ಇನ್ನೂ ಅರಗಿಲ್ಲ. ಕೆಟ್ಟ ಮನಸ್ಸಿಂದ ಅಂದಿದ್ದಲ್ಲ, ಗೊತ್ತು. ಬೀದಿಯಲ್ಲಿ ಎಲ್ಲರೂ ಹಾಗೇ ಅಂತಾರೆ. ಆದ್ರೆ ಅಷ್ಟು ವರ್ಷ ಒಂದೇ ಒಲೆ ಮೇಲೆ ಬೇಯಿಸಿಕೊಂಡು ಉಂಡವರು ಬೇರೆ ಆಗೋದು ಯಾವ ಲೆಕ್ಕದಲ್ಲಿ ಸಲೀಸು, ಹೇಳಿ?

ಒಂದು ಒಪ್ತೀನಿ. 18 ತುಂಬದ ಮಕ್ಕಳಿಲ್ಲ ಅಂದ್ರೆ ಮಗು ಯಾರ ಹತ್ರ ಇರಬೇಕು, ರಜಕ್ಕೆ ಯಾರ ಮನೆಗೆ ಹೋಗಬೇಕು ಅನ್ನೋ ಜಗಳ ಕೋರ್ಟಿಗೆ ಬರಲ್ಲ. ಮಕ್ಕಳು ಬೆಳೆದು ಕೆಲಸಕ್ಕೆ ಸೇರಿಕೊಂಡವರಿಗೂ ಅಷ್ಟೇ. ದೊಡ್ಡ ಸಂಕಟವೊಂದು ತಪ್ಪಿತು, ನಿಜ. ಮಿಕ್ಕಿದ್ದೆಲ್ಲ ಹಾಗೇ ಇದೆಯಲ್ಲ!

ಇಬ್ಬರೂ ಒಪ್ಪಿ ಬಿಡುಗಡೆ ಕೇಳೋ ದಾರಿ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದೇ 1976ರಲ್ಲಿ, 13ಬಿ ಕಲಂ ಅಂತ. ಅದಕ್ಕೆ ಮುಂಚೆ ಸಾಮಾನ್ಯವಾಗಿ ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸಬೇಕಿತ್ತು. ಈಗ ಒಂದು ವರ್ಷ ಬೇರೆ ಇದ್ದು ಅರ್ಜಿ ಹಾಕಬೇಕು. ಬೇರೆ ಅಂದ್ರೆ ಬೇರೆ ಸೂರೇ ಆಗಬೇಕಿಲ್ಲ. ಒಂದೇ ಮನೆಯಲ್ಲಿದ್ದೂ ಗಂಡ ಹೆಂಡಿರಾಗಿ ಬಾಳ್ತಿಲ್ಲ ಅಂದ್ರೂ ಆಯ್ತು ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆಮೇಲೆ 6 ತಿಂಗಳು ಕಾದು ಎರಡನೇ ಸಲ ಹೋಗಿ, ಮನಸ್ಸು ಬದಲಾಗಿಲ್ಲ ಅನ್ನಬೇಕು. ಡಿಕ್ರಿ ಆಗೋವರೆಗೆ ಇಬ್ಬರಲ್ಲಿ ಯಾರು ಬೇಕಾದ್ರೂ ಒಪ್ಪಿಗೆ ವಾಪಸ್ ತಗೋಬಹುದು. ಅಂದ್ರೆ ಮೊದಲ ಸೈನು ಹಾಕಿದ ದಿನಕ್ಕೇ ಏನೂ ಮುಗಿಯಲ್ಲ.

ಆ 6 ತಿಂಗಳನ್ನೂ ಮನ್ನಾ ಮಾಡಬಹುದು ಅಂತ 2017ರ ತೀರ್ಪಿದೆ. ಆದ್ರೆ ಯಾರಿಗೆ? ಬೇರೆಯಾಗಿ ಆಗಲೇ ಒಂದೂವರೆ ವರ್ಷ ಆಗಿರಬೇಕು, ರಾಜಿ ಪ್ರಯತ್ನ ನಡೆದು ಸೋತಿರಬೇಕು, ಜೀವನಾಂಶದಿಂದ ಹಿಡಿದು ಎಲ್ಲ ವ್ಯವಹಾರಾನೂ ನಿಜವಾಗಿ ಇತ್ಯರ್ಥ ಆಗಿರಬೇಕು. ಮಕ್ಕಳಿಲ್ಲ ಅನ್ನೋದೊಂದೇ ಸಾಲದು.

ನಮ್ಮ ಜನ ಎಡವೋದು ಆ ಇತ್ಯರ್ಥದಲ್ಲೇ. ಮನೆ ತಗೊಳ್ಳಿ. ಡೈವೋರ್ಸ್ ಆದ ಕೂಡಲೇ ಅರ್ಧ ಅರ್ಧ ಅನ್ನೋ ಕಾನೂನು ನಮ್ಮಲ್ಲಿಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆ, ಕಂತು ಯಾರ ಖಾತೆಯಿಂದ ಹೋಯ್ತು, ಅದನ್ನೇ ನೋಡ್ತಾರೆ. ಇಷ್ಟು ವರ್ಷ ದಿನಸಿ, ಕರೆಂಟು ಬಿಲ್ಲು ಎಲ್ಲ ತನ್ನ ಸಂಬಳದಲ್ಲಿ ನೋಡಿಕೊಂಡು, ಗಂಡನ ಸಂಬಳ ಕಂತಿಗೆ ಅಂತ ಬಿಟ್ಟ ಹೆಂಗಸಿನ ಕೈಲಿ ಏನು ಕಾಗದ ಇರುತ್ತೆ? ನನಗೆ ಹೊಟ್ಟೆ ಉರಿಯೋದು ಇಲ್ಲೇ. ಅದಕ್ಕೇ ಕೂತು ಮಾತಾಡಿ, ರಾಜಿ ಪತ್ರದಲ್ಲಿ ಬರೆಸಬೇಕು. ಜಂಟಿ ಹೆಸರಲ್ಲಿದ್ರೆ ಒಬ್ಬರು ಹಕ್ಕು ಬಿಡುಗಡೆ ಪತ್ರ ಮಾಡಿ, ನೋಂದಣಿ ಆಗಿ, ಖಾತೆ ಬದಲಾಗಬೇಕು. ಸಾಲ ಜಂಟಿಯಾಗಿದ್ರೆ ಇನ್ನೂ ಹುಷಾರು. "ಇನ್ಮೇಲೆ ಕಂತು ಅವರೇ ಕಟ್ಟಲಿ" ಅಂತ ಗಂಡ ಹೆಂಡ್ತಿ ಬರೆದುಕೊಂಡ್ರೂ, ಬ್ಯಾಂಕು ಒಪ್ಪಿ ಹೆಸರು ತೆಗೆಯೋವರೆಗೆ ಇಬ್ಬರೂ ಸಾಲಗಾರರೇ. ಗಂಡ ಕಟ್ಟದಿದ್ರೆ ನೋಟೀಸು ಹೆಂಡ್ತಿ ಬಾಗಿಲಿಗೂ ಬರುತ್ತೆ.

ಒಡವೆ ವಿಷಯದಲ್ಲಿ ಮಾತ್ರ ಮುಲಾಜೇ ಬೇಡ. ತೌರಿನವರು ಕೊಟ್ಟಿದ್ದಿರಲಿ, ಅತ್ತೆ ಮನೆಯವರು ಹೆಂಡ್ತಿಗೇ ಅಂತ ಹಾಕಿದ್ದಿರಲಿ, ಸ್ತ್ರೀಧನ ಪೂರ್ತಿ ಅವಳದ್ದು. ಬೇರೆಯವರ ಹತ್ರ ಇಟ್ಟಿದ್ರೂ ಒಡತಿ ಅವಳೇ ಅಂತ 1985ರಲ್ಲೇ ತೀರ್ಪಾಗಿದೆ. ಮಕ್ಕಳಿಲ್ಲದವಳಿಗೆ ಜೀವನಾಂಶ ಯಾಕೆ ಅಂತಾರಲ್ಲ, ಅದೂ ತಪ್ಪು. ಅದೇ ವಿವಾಹ ಕಾಯ್ದೆಯ 25ನೇ ಕಲಂ ಗಂಡ ಹೆಂಡ್ತಿ ಯಾರು ಬೇಕಾದ್ರೂ ಕೇಳಬಹುದು ಅನ್ನುತ್ತೆ. ಹಾಗೇ ಎಲ್‌ಐಸಿ, ಪಿಎಫ್ ನಾಮಿನಿ ಹೆಸರು ಬದಲಾಯಿಸಬೇಕು, ಉಯಿಲು ಬರೆದಿಟ್ಟಿದ್ರೆ ಹೊಸದು ಬರೀಬೇಕು. ತಾನಾಗೇ ಬದಲಾಗುತ್ತೆ ಅಂತ ಸುಮ್ಮನಿರಬಾರದು.

ಇದೆಲ್ಲ ಕಾಗದದಲ್ಲಿ ಬರೆಸೋ ವಿಷಯ ಆಯ್ತು. ಬರೆಸೋಕಾಗದ್ದೊಂದಿದೆ. ಮೇಲಿನ ಮನೆಯವಳ ಅತ್ತೆಗೆ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚೋದು ಇವಳೇ. ಮಗ ಸೊಸೆ ಮಾತಾಡದೇ ಹೋದ ಮೇಲೂ ಆ ಮುದುಕಿ ಇವಳ ಕೈಗೇ ತೋಳು ಚಾಚ್ತಾರೆ. ಮಕ್ಕಳಿದ್ದವರು ಬೇರೆಯಾದ್ರೂ ಮೊಮ್ಮಗು ನೋಡೋ ನೆಪದಲ್ಲಿ ಎರಡೂ ಮನೆಯವರು ಮುಖ ನೋಡ್ತಾರೆ. ಹುಟ್ಟುಹಬ್ಬ, ಪರೀಕ್ಷೆ, ಮದುವೆ ಅಂತ ಏನೋ ಒಂದು ಬರುತ್ತೆ. ಇವರಿಗೆ ಆ ನೆಪವೂ ಇಲ್ಲ. ಅತ್ತೆ, ನಾದಿನಿ, ಕಂಕುಳಲ್ಲಿ ಎತ್ತಿ ಬೆಳೆಸಿದ ನಾದಿನಿ ಮಗಳು, ಎಲ್ಲರೂ ಒಂದೇ ದಿನ ಹೊರಗಿನವರು. ಅದನ್ನು ಯಾವ ಜಡ್ಜ್ ಕೇಳ್ತಾರೆ? ನಾವಾದ್ರೂ ಕೇಳಬೇಕು ಕಣ್ರೀ. ಅತ್ತೆಯನ್ನ ನೋಡೋಕೆ ಅವಳು ಆಮೇಲೂ ಬಂದ್ರೆ, ಯಾಕೆ ಬಂದಳು ಅಂತ ಗೇಟಿನ ಹತ್ರ ನಿಂತು ನೋಡಬಾರದು.

ಬೆಂಗಳೂರಲ್ಲಿ ಫ್ಯಾಮಿಲಿ ಕೋರ್ಟ್ ಇರೋ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲೇ ಮಧ್ಯಸ್ಥಿಕೆ ಕೇಂದ್ರನೂ ಇದೆ, 2007ರಿಂದ. ಅಲ್ಲಿ ಕೂತು ಮಾತಾಡೋಕೆ ಮೇಲಿನ ಮನೆಯ ಗಂಡ ಹೆಂಡ್ತಿ ಇಬ್ಬರೂ ಒಪ್ಪಿದ್ದಾರಂತೆ. ಅದಕ್ಕೆ ಮುಂಚೆ ಲಾಕರ್ ತೆಗೆದು ಒಡವೆ ಪಟ್ಟಿ ಮಾಡಬೇಕು, ಜೊತೆಗೆ ಹೆಂಗಸರು ಇಬ್ಬರಿದ್ರೆ ಧೈರ್ಯ ಅಂದಳು. ನಾನು ಹೂಂ ಅಂದಿದ್ದೀನಿ. ಗುರುವಾರ ಹತ್ತೂವರೆಗೆ, ನೀವೂ ಬನ್ನಿ.